ಮೇಲಿನ ಮಣ್ಣು

"ಸೂಳೇಮುಂಡೆ, ಗುದ್ದಲಿ ಎತ್ತಕ್ಕೂ ಸೊಕ್ಕಾ? ನಿಮ್ಮಪ್ಪನ ಊರೇನೇ ಇದು, ನಿಂತ್ಕೊಂಡು ನೋಡಕ್ಕೆ?"

ಗುಂಡಿಯ ದಡದಿಂದ ತೋಟದ ಒಡೆಯ ರಾಮಸಾಮಿ ಪಣ್ಣಾಡಿ ಕೂಗಿದ. ಅಪ್ಪನ ಊರಲ್ಲ, ಸೆಲ್ಲಮ್ಮ ಸೊಸೆಯಾಗಿ ಬಂದ ಕೇರಿ. ಪಣ್ಣಾಡಿಯ ಬಾವಿಯಿಂದ ಒಂದು ಕೊಡ ನೀರು ಸೇದಿದ್ದಕ್ಕೆ ಇಪ್ಪತ್ತು ವರ್ಷದ ಹಿಂದೆ ಅವನ ಆಳುಗಳು ಬೆಂಕಿಯಿಟ್ಟ ಕೇರಿ. ಅಂದು ಓಡಿದವರು ಇಂದಿಗೂ ಪೊಳ್ಳಾಚಿ ರಸ್ತೆಯ ಚರಂಡಿ ಮಗ್ಗುಲಲ್ಲೇ ಬಿದ್ದಿದ್ದಾರೆ. ಮನೆ ಜಾಗ ವಾಪಸು ಕೊಡಿ ಎಂದರೆ ಅವನದು ಒಂದೇ ಮಾತು: "ಅಲ್ಲಿ ಯಾವ ನಾಯೀನೂ ಇರ್ಲಿಲ್ಲ."

ಈಗ ಸರ್ಕಾರದವರು ಹಳೇ ಕಾಲದ ಊರು ಹುಡುಕುತ್ತ ಬಂದು ಆ ಕೇರಿಯ ಜಾಗವನ್ನೇ ಅಗೆಸುತ್ತಿದ್ದರು. ಕೊಯಮತ್ತೂರಿನ ಆಫೀಸರ್ ಕೃಷ್ಣಮೂರ್ತಿಗೆ ಬೇಕಾದದ್ದು ಆಳದಲ್ಲಿತ್ತು. ಮೇಲಿನ ಮಣ್ಣಿನ ಒಲೆಗಲ್ಲು, ಸುಟ್ಟ ತೊಲೆ, ಬಳೆಚೂರು ಎಲ್ಲ ಕಸವೆಂದು ಹಳ್ಳಕ್ಕೆ ಹೋಗುತ್ತಿತ್ತು. ಹಾಳು ಹೊಟ್ಟೆ ಕೇಳಬೇಕಲ್ಲ, ಕೂಲಿಗೆ ಬಂದ ಕೇರಿಯವರೇ ತಮ್ಮ ಮನೆಗಳನ್ನು ಮಂಕರಿಯಲ್ಲಿ ಹೊತ್ತು ಸುರಿಯುತ್ತಿದ್ದರು.

ಸೆಲ್ಲಮ್ಮ ಒರಳುಕಲ್ಲು ಉರುಳಿಸಿದಳು. ಅಡಿಯಲ್ಲಿ ಮಡಕೆ, ಮಡಕೆಯೊಳಗೆ ಎಳೆಯ ಎಲುಬು. ಕೃಷ್ಣಮೂರ್ತಿ ಗುಂಡಿಗೆ ಧುಮುಕಿದ.

"ಮುಟ್ಟಬೇಡ! ಸಾವಿರಾರು ವರ್ಷದ್ದು! ಮದ್ರಾಸಿಗೆ ಹೋಗಬೇಕು!" ಎಂದು ತಮಿಳಿನಲ್ಲಿ ಕೂಗಿದ.

"ಅಯ್ಯೋ, ನನ್ ಕಂದಾ..." ಸೆಲ್ಲಮ್ಮನ ಬಾಯಿಂದ ಮನೆಮಾತು ಹೊರಟಿತು.

"ಅರೆ, ನೀನೂ ಕನ್ನಡದವಳಾ?" ಆಫೀಸರನ ಮುಖ ಅರಳಿತು.

"ಆಮಾ ಸಾಮಿ. ಇದು ನನ್ ಮೊದಲ್ನೇ ಕೂಸು. ಹೆಸರಿಕ್ಕಕ್ ಮುಂಚೇನೇ ಸತ್ತೋಯ್ತು. ಅಂಥಾವನ್ನ ಒರಳಡೀಲೇ ಹೂಳೋದು ನಮ್ಮೋರ ವಾಡಿಕೆ. ಮನೇಲೇ ಇದ್ರೆ ತಿರ್ಗಾ ಹುಟ್ತದೆ ಅಂತ."

ಅರಳಿದ ಮುಖ ಬಾಡಿತು. ಅವನು ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡ.

"ಹಾಗಾದರೆ ಇದೂ ಕಸವೇ. ಬಿಸಾಡಮ್ಮ, ಹೊತ್ತಾಯಿತು."

ಸೆಲ್ಲಮ್ಮ ಬಿಸಾಡಿದ್ದು ಗುದ್ದಲಿಯನ್ನು. ಮಡಕೆಯನ್ನು ಮಡಿಲಿಗೆ ಎಳೆದುಕೊಂಡು ಒರಳಿನ ಮೇಲೆ ಕೂತುಬಿಟ್ಟಳು.

"ಯಾರೂ ಇರ್ಲಿಲ್ಲ ಅಂದ್ಯಲ್ಲೋ ಪಣ್ಣಾಡಿ, ಇವ್ನ್ ಯಾರೋ? ನಮ್ ಜಾಗ ಕೊಡೋವರ್ಗೂ ಏಳಕಿಲ್ಲ!"

ಕೇರಿಯ ಬಾಯಿಂದ ಪಣ್ಣಾಡಿಗೆ 'ಲೋ'! ಗುಂಡಿಯಲ್ಲಿದ್ದವರ ಕೈ ನಿಂತಿತು. ಕೃಷ್ಣಮೂರ್ತಿ ಮೆಲ್ಲಗೆ ಮೇಲೆ ಹತ್ತಿ, ಹುಣಸೆಮರದ ನೆರಳಿಗೆ ಹೋಗಿ ನಿಂತ.

ಮಣ್ಣು ಹೊತ್ತಿದ್ದ ಅವಳ ಗಂಡ ಮಾರಿಮುತ್ತುವಿನ ಕತ್ತು ಹಿಡಿದು ಪಣ್ಣಾಡಿ ದಡಕ್ಕೆ ದಬ್ಬಿದ.

"ಸುರಿಯೋ ನಾಯಿ, ಅವಳ್ ಮೇಲೆ! ಇಲ್ಲಾಂದ್ರೆ ನಿನ್ನೂ ಅಲ್ಲೇ ಹೂತಾಕ್ತೀನಿ!"

ಮಾರಿಮುತ್ತು ಮಂಕರಿಯನ್ನು ಎದೆಗೆ ಅವುಚಿಕೊಂಡ.

"ಸುರಿ ಮಾಮಾ," ಎಂದಳು ಸೆಲ್ಲಮ್ಮ. "ನಾನೂ ಎಲುಬಾಯ್ತೀನಿ. ಆಗ್ಲಾದ್ರೂ ಇಲ್ಲಿದ್ವಿ ಅಂತ ಒಪ್ತಾರೇನೋ."

ಅವನು ಕಣ್ಣು ಮುಚ್ಚಿ ಮಂಕರಿ ಬೋರಲು ಹಾಕಿದ. ತಲೆಯ ಮೇಲೆ ಬಿದ್ದ ಮಣ್ಣನ್ನು ಸೆಲ್ಲಮ್ಮ ಕೊಡವಿಕೊಳ್ಳಲಿಲ್ಲ. ಮಡಕೆಯ ಬಾಯಿಗೆ ಸೆರಗು ಮುಚ್ಚಿದಳು.