ಕಪಾಟಿನ ಕೆಳಗಿನ ಬೆಳಕು

"ದೀಪ ಕಾಣಬಾರದು ಕಣ್ರೀ, ಬೆಳಕು ಮಾತ್ರ ಕಾಣಬೇಕು" ಎಂದು ನನ್ನ ಗಂಡ ಲೈಟಿನ ಅಂಗಡಿಯವನಿಗೆ ಪಾಠ ಶುರು ಮಾಡಿದಾಗ ನನಗೆ ಅಳುವೇ ಬಂದುಬಿಟ್ಟಿತು. ದುಃಖಕ್ಕಲ್ಲ. ಆ ಗತ್ತಿನ ದನಿ ಕೇಳಿ ಎಷ್ಟು ತಿಂಗಳಾಗಿತ್ತು!

ಜೀವಮಾನವಿಡೀ ಕಂಡವರ ಮನೆಗಳಿಗೆಲ್ಲ ವೈರಿಂಗ್ ಮಾಡಿದ ಮನುಷ್ಯ. ನಮ್ಮ ಅಡುಗೆಮನೆಯಲ್ಲಿ ಮಾತ್ರ ಗೋಡೆಯ ಕಪಾಟಿನ ನೆರಳು ಕಟ್ಟೆಯ ಮೇಲೆ ಬಿದ್ದು, ನಾನು ತರಕಾರಿಯ ಜೊತೆ ಬೆರಳನ್ನೂ ಹೆಚ್ಚಿಕೊಳ್ಳುತ್ತಿದ್ದೆ. "ಬರೋ ಭಾನುವಾರ ಲೈಟ್ ಹಾಕ್ಕೊಡ್ತೀನಿ ಕಣೇ" ಎನ್ನುತ್ತಲೇ ವರ್ಷಗಳು ಉರುಳಿದವು. ಅಷ್ಟರಲ್ಲಿ ಒಂದು ದಿನ ಕೆಲಸದ ಜಾಗದಲ್ಲೇ ಕುಸಿದು ಬಿದ್ದರು. ಮೆದುಳಿಗೆ ಹೋಗುವ ರಕ್ತ ಕಟ್ಟಿಕೊಂಡಿತ್ತಂತೆ. ಕೈಕಾಲು ಸುಧಾರಿಸಿದವು. ಮಾತಂತೂ ಮೊದಲಿಗಿಂತ ಹೆಚ್ಚಾಯಿತು. ಕಳೆದುಹೋದದ್ದು ಎಡಗಡೆ. ಕಣ್ಣಿಗೇನೂ ಆಗಿಲ್ಲ, ಎಡಗಡೆ ಎಂಬುದೊಂದು ಇದೆ ಅನ್ನುವುದನ್ನೇ ಮೆದುಳು ಮರೆತಿದೆ ಎಂದರು ಡಾಕ್ಟರು. ಬಲಗೆನ್ನೆ ಮಾತ್ರ ಬೋಳಿಸಿಕೊಂಡು ಬಂದು ಕೂರುತ್ತಿದ್ದರು. ತಟ್ಟೆಯ ಬಲಭಾಗ ಖಾಲಿ ಮಾಡಿ "ಇಷ್ಟೇನಾ ಊಟ?" ಎನ್ನುತ್ತಿದ್ದರು. ನಾನು ತಟ್ಟೆ ತಿರುಗಿಸಿಡುತ್ತಿದ್ದೆ. ಹೇಳಹೋದರೆ "ಆ ಡಾಕ್ಟರಿಗೆ ಏನು ಮಣ್ಣು ಗೊತ್ತು, ನನಗೆ ಎಲ್ಲಾ ಕಾಣುತ್ತೆ" ಎಂದು ನನ್ನ ಮೇಲೇ ಹಾರಾಟ. ನನಗೇನು ಕೋಪ ಬರುವುದಿಲ್ಲವೇ? ಬರುತ್ತಿತ್ತು. ನುಂಗಿಕೊಳ್ಳುತ್ತಿದ್ದೆ.

ಅವರು ಕೊರಗುತ್ತಿದ್ದುದು ಒಂದಕ್ಕೇ, ಮತ್ತೆ ಕೆಲಸಕ್ಕೆ ಹೋಗಬೇಕು. ಅವರ ಕೈಕೆಳಗೆ ಪಳಗಿದ ಗಿಡ್ಡ ಈಗ ದೊಡ್ಡ ಕಂಟ್ರಾಕ್ಟರು. ಗಿಡ್ಡ ಅನ್ನುವುದು ಇವರಿಟ್ಟ ಹೆಸರು, ಆಸಾಮಿ ತಲೆ ಬಗ್ಗಿಸದೆ ನಮ್ಮ ಬಾಗಿಲು ದಾಟಲಾರ. ಇವರ ಫೋನಿನ ಕಾಟ ತಾಳಲಾರದೆ ಕೊನೆಗೆ ಅವನು, "ಅಣ್ಣ, ನಿಮ್ಮ ಅಡುಗೆಮನೆಗೇ ಮೊದಲು ಲೈಟ್ ಹಾಕಿ ತೋರ್ಸಿ. ಸರಿಯಾಗಿ ಬಂತೋ, ಸೋಮವಾರದಿಂದಲೇ ಬನ್ನಿ" ಎಂದ. ಹಾಗಾಗಿ ನಾವು ಆ ಅಂಗಡಿಯಲ್ಲಿ ನಿಂತಿದ್ದೆವು.

ಅಂಗಡಿಯವನು ಮೊದಲು ಟ್ಯೂಬ್ ಲೈಟ್ ತೆಗೆದ. "ನನ್ನ ಹೆಂಡ್ತಿ ಅಲ್ಲಿ ಅಡುಗೆ ಮಾಡ್ತಾಳೆ ಮಾರಾಯ, ಆಪರೇಷನ್ ಅಲ್ಲ" ಎಂದರು ಇವರು. ಬಿಲ್ಲೆಯಂಥ ಪುಟ್ಟ ದೀಪಗಳನ್ನು ತೋರಿಸಿದ. ಗೋಡೆಯ ಮೇಲೆ ಬೆಳಕು ಗುಡ್ಡೆಗುಡ್ಡೆಯಾಗಿ ಬೀಳುತ್ತದೆ ಎಂದು ಅದೂ ಬೇಡವಾಯಿತು. ಎಲ್‌ಇಡಿ ಪಟ್ಟಿ ಹಚ್ಚಿ, ನಮ್ಮ ಅಡುಗೆ ಕಟ್ಟೆಯಂಥದೇ ಕಪ್ಪು ಕಲ್ಲಿನ ತುಂಡೊಂದರ ಮೇಲೆ ಹಿಡಿದರೆ, ಕಲ್ಲಿನ ಹೊಳಪಿನಲ್ಲಿ ಸಾಲು ಚುಕ್ಕೆಗಳು ಕಂಡವು. "ನೋಡು, ಕಲ್ಲೇ ಚಾಡಿ ಹೇಳ್ತಾ ಇದೆ!" ಎಂದು ನಕ್ಕರು. ಅದನ್ನೇ ಹಾಲುಬಣ್ಣದ ಮುಚ್ಚಳವಿರುವ ಅಲ್ಯೂಮಿನಿಯಂ ಪಟ್ಟಿಯೊಳಗೆ ಕೂರಿಸಿದಾಗ ಚುಕ್ಕೆಗಳು ಕರಗಿಹೋದವು. ಬಿಳಿ ಬೇಡ, ತುಸು ಹಳದಿ ಇರಲಿ; ಕಪಾಟಿನ ಮುಂದಿನ ಅಂಚಿಗೆ ಮರೆಯಾಗಿ ಹಾಕಿದರೆ ನಿಂತವರ ಕಣ್ಣಿಗೆ ಚುಚ್ಚುವುದಿಲ್ಲ ಎಂದು ಇವರ ಪಾಠ. ಅಂಗಡಿಯವನು ಬೇರೆ ಗಿರಾಕಿಗಳನ್ನು ಬಿಟ್ಟು ಕೇಳುತ್ತ ನಿಂತ. ನನ್ನ ಗಂಡ ವಾಪಸ್ಸು ಬಂದರು ಅಂದುಕೊಂಡೆ ನಾನು.

"ಎಷ್ಟು ಉದ್ದ ಕೊಡ್ಲಿ ಸಾರ್?"

"ನಾಲ್ಕಡಿ. ನಾನೇ ಅಳೆದಿದ್ದೀನಿ."

ನಮ್ಮ ಕಪಾಟು ಎಂಟಡಿ. ಅವರ ಬೆನ್ನ ಹಿಂದೆ ನಿಂತು ಅಂಗಡಿಯವನಿಗೆ ಎರಡು ಬೆರಳು ತೋರಿಸಿದೆ. ಅವನು ನಾಲ್ಕಡಿಯ ಎರಡು ತುಂಡು ಕಟ್ಟಿಕೊಟ್ಟ. ಮೆದುಳು ಮರೆತದ್ದನ್ನು ಕೈ ಮರೆತಿರಲಾರದು, ಅಷ್ಟು ವರ್ಷ ದುಡಿದ ಕೈ ಉಳಿದರ್ಧವನ್ನು ತಾನೇ ಹುಡುಕಿಕೊಂಡು ಹೋದೀತು ಎಂಬ ಹುಚ್ಚು ಆಸೆ ನನಗೆ.

ಮರುದಿನ ಬೆಳಿಗ್ಗೆಯೇ ಸ್ಟೂಲು ಎಳೆದುಕೊಂಡು ಕೂತರು. ತೂತು ಕೊರೆದರು, ಸ್ಕ್ರೂ ಬಿಗಿದರು, ತಂತಿಯನ್ನು ಕಪಾಟಿನ ಸಂದಿಯಲ್ಲಿ ಒಂದೆಳೆಯೂ ಕಾಣದಂತೆ ಅಡಗಿಸಿದರು. ಕಪಾಟಿನ ನಡುವಿನಿಂದ ಬಲತುದಿಯವರೆಗೆ. ಎರಡನೇ ತುಂಡು ಅವರ ಎಡ ಮೊಣಕೈ ಪಕ್ಕದಲ್ಲೇ ಬಿದ್ದಿತ್ತು. ಈಗ ತೆಗೆದುಕೊಳ್ಳುತ್ತಾರೆ, ಈಗ ತೆಗೆದುಕೊಳ್ಳುತ್ತಾರೆ ಎಂದು ನೋಡುತ್ತ ನಿಂತಿದ್ದೆ. ಅವರು ಕೈ ಒರೆಸಿಕೊಂಡು ಸ್ವಿಚ್ ಒತ್ತಿದರು.

"ಹೆಂಗಿದೆ?"

ಬಲಗಡೆ ಕಟ್ಟೆಯ ಮೇಲೆ ಬೆಳಕು ಸದ್ದಿಲ್ಲದೆ ಹರಡಿತ್ತು, ದೀಪ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ಚೆಂದ. ನಾನು ತರಕಾರಿ ಹೆಚ್ಚುವ ಎಡಗಡೆಯಲ್ಲಿ ಅದೇ ಹಳೆಯ ನೆರಳು.

"ಹೇಳೇ, ಬಾಯಲ್ಲೇನು ಕಡುಬು ಇಟ್ಕೊಂಡಿದ್ದೀಯ?"

"ತುಂಬಾ ಚೆನ್ನಾಗಿದೆ" ಎಂದೆ.

"ಹಾಗಾದ್ರೆ ಗಿಡ್ಡನಿಗೆ ಫೋನ್ ಹಚ್ಚು."

ಅವನು ಸಂಜೆ ಬಂದ. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ದೀಪ ಎಲ್ಲೂ ಕಾಣ್ತಾ ಇಲ್ಲ ಅಣ್ಣ. ನಿಮ್ಮ ಕೈಗೆ ನಿಮ್ಮ ಕೈಯೇ ಸಾಟಿ."

"ಸೋಮವಾರ ಎಷ್ಟೊತ್ತಿಗೆ ಬರ್ಲಿ?"

"ನಾನೇ ಫೋನ್ ಮಾಡ್ತೀನಿ ಅಣ್ಣ."

ಚಹಾ ಮುಟ್ಟದೆ ಎದ್ದುಬಿಟ್ಟ. ಗೇಟಿನವರೆಗೆ ಅವನ ಹಿಂದೆಯೇ ಹೋದೆ. "ಬೈಕೋಬೇಡಿ ಅತ್ತಿಗೆ. ಎಡಗಡೆ ಕರೆಂಟಿರೋ ತಂತಿ ಇದ್ರೆ ಅವರಿಗೆ ಕಾಣಲ್ಲ. ನನ್ನ ಕೆಲಸದಲ್ಲಿ ಅವರ ಜೀವ ಹೋದ್ರೆ ನಾನು ಬದುಕಿರಲ್ಲ" ಎಂದ.

"ಅದನ್ನ ಅವರ ಮುಖಕ್ಕೇ ಹೇಳೋಕೆ ನಿನಗೇನು ಧಾಡಿ?" ಎಂದು ರೇಗಿದೆ.

"ಸ್ಕ್ರೂಡ್ರೈವರ್ ಹಿಡಿಯೋದನ್ನ ಕಲಿಸಿದವರಿಗೆ ನಾನ್ ಹೆಂಗೆ ಹೇಳ್ಲಿ?" ಎಂದವನೇ ಹೊರಟುಹೋದ. ಆ ಹಾಳು ಕೆಲಸ ನನ್ನ ತಲೆಗೇ ಬಂತು.

ಒಳಗೆ ಇವರು ಚೀಲದಲ್ಲಿ ಸಾಮಾನು ಜೋಡಿಸಿಕೊಳ್ಳುತ್ತಿದ್ದರು, ಸಿಳ್ಳೆ ಬೇರೆ. ಸುಮ್ಮನಿದ್ದರೆ ಸೋಮವಾರ ಬೆಳಗಿನಿಂದ ಫೋನಿನ ಮುಂದೆ ಕೂತು ಕಾಯುತ್ತಾರೆ. ಅದನ್ನು ನನ್ನ ಕೈಯಲ್ಲಿ ನೋಡಲಾಗುವುದಿಲ್ಲ.

"ರೀ, ಅರ್ಧಕ್ಕೇ ಹಾಕಿದ್ದೀರಿ."

"ಯಾವ ಅರ್ಧ? ಸಾಕು ತಮಾಷೆ" ಎಂದು ನಕ್ಕರು.

ನಾನು ಅವರ ಕೈ ಹಿಡಿದು ಕಪಾಟಿನ ತಳದುದ್ದಕ್ಕೂ ಎಳೆದೆ. ಮೊದಲು ನುಣ್ಣನೆಯ ಪಟ್ಟಿ. ಆಮೇಲೆ ಬರಿಯ ಹಲಗೆ, ಹಲಗೆ, ಗೋಡೆ ಸಿಗುವವರೆಗೂ ಹಲಗೆ. ಅವರ ನಗು ನಿಂತಿತು. ಉಳಿದ ತುಂಡನ್ನು ತೆಗೆದು ಬಲಗೈಗೆ ಕೊಟ್ಟೆ.

"ಇದೆಲ್ಲಿತ್ತು?"

"ಬೆಳಿಗ್ಗೆಯಿಂದ ನಿಮ್ಮ ಪಕ್ಕದಲ್ಲೇ."

ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇನ್ನೂ ಏನೇನು ಕಾಣ್ತಿಲ್ಲ ನನಗೆ?" ಎಂದರು. ಎಲ್ಲಿಂದ ಶುರು ಮಾಡಲಿ?

"ಗಿಡ್ಡ ನೋಡಿದ್ನಾ?"

"ನೋಡಿದ."

ಸ್ಟೂಲಿನ ಮೇಲೆ ಕೂತುಬಿಟ್ಟರು. ತುಂಡನ್ನು ತೊಡೆಯ ಮೇಲಿಟ್ಟುಕೊಂಡು, "ಅವನು ಫೋನ್ ಮಾಡಿದ್ರೆ, ನಮ್ಮವರಿಗೆ ಕೆಲಸ ಬೇಜಾರಾಗಿದೆಯಂತೆ, ಇನ್ನು ಬರಲ್ಲವಂತೆ ಅಂತ ನೀನೇ ಹೇಳಿಬಿಡು" ಎಂದರು.

ಅವನು ಫೋನ್ ಮಾಡುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಆಯ್ತು, ಹೇಳ್ತೀನಿ" ಎಂದೆ.