ಗಾಜಿಗೆ ಅಂಟಿದ ತೋಳು

ತಿರುಗುತ್ತಿದೆ, ಕೆಂಪು ಸ್ವೆಟರ್ ತಿರುಗುತ್ತಿದೆ, ದುಂಡು ಗಾಜಿನ ಹಿಂದೆ ಒಮ್ಮೆ ತೋಳು, ಒಮ್ಮೆ ಕತ್ತು, ನೊರೆ, ಮತ್ತೆ ತೋಳು — ಹನ್ನೊಂದಕ್ಕೆ ಪರೀಕ್ಷೆ, ಅಷ್ಟರಲ್ಲಿ ಒಗೆದು ಒಣಗಿ ಕೈಗೆ ಬರುತ್ತೆ, ಬರಲೇಬೇಕು, ಎಂದುಕೊಳ್ಳುತ್ತ ಮುಖ್ಯೋಪಾಧ್ಯಾಯಿನಿ ಮಾರ್ವೆನ್ ಶಾಲೆಯ ಅಡುಗೆಮನೆ ಪಕ್ಕದ ಇಕ್ಕಟ್ಟು ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು, ಒಳಗೆ ಕುರ್ಚಿಯ ಮೇಲೆ ಪುಟ್ಟ ಹುಡುಗಿ ಟೇಗನ್, ಬನಿಯನ್ನಿನ ಮೇಲೆ ಮಾರ್ವೆನ್‌ಳ ಕೋಟು ಹೊದ್ದು ಮುದುಡಿಕೊಂಡಿದ್ದಾಳೆ, ಬೆಳಿಗ್ಗೆ ಇವಳ ಪುಟ್ಟ ತಮ್ಮ ಇವಳ ಸ್ವೆಟರ್ ಮೇಲೇ ವಾಂತಿ ಮಾಡಿದ್ದ, ಯೂನಿಫಾರ್ಮಿಗೆ ಇರೋದೇ ಅದೊಂದು, ಮನೇಲಿ ಮೀಟರಿಗೆ ದುಡ್ಡು ಹಾಕಿಲ್ಲ, ಕರೆಂಟಿಲ್ಲ ಮಿಸ್, ಒಂಚೂರು ಒಗೆಸಿಕೊಡಿ, ಎಂದು ಚೀಲ ಚಾಚಿದ ಅವಳಮ್ಮ ಲೋರೇನ್ ನೆಲವನ್ನೇ ನೋಡುತ್ತಿದ್ದಳು. ಮೊದಲಾಗಿದ್ದರೆ ಇವತ್ತು ಟೇಗನ್ ರಜೆ, ಕ್ಲೈಡ್ ನದಿ ಕಡೆಯಿಂದ ಅಡ್ಡಮಳೆ ಹೊಡೆದ ಮಾರನೇ ದಿನವೆಲ್ಲ ರಜೆ, ಹೊಟ್ಟೆನೋವು ಅಂತ ಫೋನು, ಎಂಥ ಹೊಟ್ಟೆನೋವು, ಸ್ವೆಟರ್ ಒಣಗಿಲ್ಲ, ಅಷ್ಟೇ — ಬಡಮಕ್ಕಳು ಓದಿನಲ್ಲಿ ಉಳ್ಳವರ ಮಕ್ಕಳಿಗಿಂತ ಹಿಂದೆ ಬೀಳಬಾರದು ಅಂತ ಎಡಿನ್‌ಬರೋದಿಂದ ಸರ್ಕಾರ ಕಳಿಸುವ ಹಣದಲ್ಲಿ ಅದಕ್ಕೇ ಅಲ್ಲವೇ ಒಗೆದು ಒಣಗಿಸಿಯೂ ಕೊಡುವ ಈ ಮಷಿನ್ ಕೊಂಡದ್ದು, ಆಮೇಲೆ ಹುಡುಗಿ ಒಂದು ದಿನವೂ ತಪ್ಪಿಸಿಲ್ಲ, ಮೊನ್ನೆ ತಿಮಿಂಗಿಲದ ಪುಸ್ತಕ ಹಿಡಿದು ತಾನಾಗಿಯೇ ಗಟ್ಟಿಯಾಗಿ ಓದಿದಳು, ನಡುವೆ ತಲೆಯೆತ್ತಿ, ಮಿಸ್, ಇದಕ್ಕೆ ಹಲ್ಲೇ ಇಲ್ವಂತೆ, ನಮ್ಮಜ್ಜಿ ಥರ!

ಇದನ್ನು ಆ ಶಿಕ್ಷಣ ಇಲಾಖೆಯ ಪ್ರಿಂಗಲ್ ಮಹಾಶಯನಿಗೆ ಹೇಳಿದರೆ ಹಲ್ಲು ಕಿರಿಯುತ್ತಾನೆ, ಬಟ್ಟೆ ಒಗೆಯೋದಕ್ಕೂ ಓದೋದಕ್ಕೂ ಏನ್ ಸಂಬಂಧ ಮೇಡಂ, ಪುರಾವೆ ಕೊಡಿ, ಮಷಿನ್ ಬಳಸೋ ಮಕ್ಕಳ ಓದು ಪರೀಕ್ಷೇಲಿ ಮೇಲೆ ಬಂದ್ರೆ ಇರ್ಲಿ, ಇಲ್ದಿದ್ರೆ ಶುಕ್ರವಾರ ಎತ್ತಿಸ್ತೀವಿ — ಪರೀಕ್ಷೆ ಇರುವ ತರಗತಿಯಲ್ಲಿ ಮಷಿನ್ ಬಳಸುವವಳು ಟೇಗನ್ ಒಬ್ಬಳೇ, ಇವಳು ಓದಿದರೆ ಮಷಿನ್ ಉಳಿಯಿತು, ಓದುತ್ತಾಳೆ, ನೀರು ಕುಡಿದಂತೆ ಓದುತ್ತಾಳೆ, ಸ್ವೆಟರೊಂದು ಆಗಿಬಿಡಲಿ, ಬೇರೆಯವರದ್ದು ಕೊಟ್ಟರೆ ಮುಟ್ಟುವುದಿಲ್ಲ, ಹೋದ ವರ್ಷ ಹಾಗೆ ಕೊಟ್ಟಾಗ ಕತ್ತಿನ ಪಟ್ಟಿಯಲ್ಲಿದ್ದ ಹೆಸರು ಓದಿ, ಏಯ್, ಅದು ನಂದು, ಬಿಚ್ಚೇ, ಎಂದು ಅಂಗಳದ ತುಂಬ ಕಿಚಾಯಿಸಿದ್ದರು ಪಾಪಿಗಳು. ಗೇಟಿನಲ್ಲಿ ಕಾರು, ಬಂದ, ಹೊತ್ತಿಗೆ ಮುಂಚೆಯೇ ವಕ್ಕರಿಸಿದ, ಮಾರ್ವೆನ್ ಓಡುನಡಿಗೆಯಲ್ಲಿ ಹೊರಟಳು, ಎದುರಿಗೆ ಜವಾನ ಶಗ್, ಬೀರುವಿನಷ್ಟು ದೊಡ್ಡ ತಳ್ಳುಗಾಡಿ ನೂಕಿಕೊಂಡು ಬಂದ, ಮೇಡಂ, ಪರೀಕ್ಷೆ ಟ್ಯಾಬ್ಲೆಟ್ಟುಗಳೆಲ್ಲ ಸತ್ತು ಕೂತಿವೆ, ಚಾರ್ಜಿಗೆ ಎಲ್ಲಿ ಹಾಕ್ಲಿ? ಎಲ್ಲಿ ಪ್ಲಗ್ ಸಿಗುತ್ತೋ ಅಲ್ಲಿ ಹಾಕಪ್ಪ, ನನ್ನ ತಲೆ ತಿನ್ನಬೇಡ — ನಮಸ್ಕಾರ ಮಿಸ್ಟರ್ ಪ್ರಿಂಗಲ್, ಬನ್ನಿ, ಚಹಾ ತಗೋತೀರಾ, ತಗೊಂಡ, ಬಿಸ್ಕತ್ತನ್ನೂ ತಗೊಂಡ, ಬಡವರ ಮಕ್ಳಿಗೂ ಉಳ್ಳವರ ಮಕ್ಳಿಗೂ ಇರೋ ಓದಿನ ಅಂತರ ಕಮ್ಮಿ ಮಾಡೋದು ಅಂದ್ರೆ ತಮಾಷೆ ಅಲ್ಲ ಮೇಡಂ, ಎನ್ನುತ್ತ ಅದ್ದಿ ಅದ್ದಿ ತಿಂದ, ಅಲ್ಲಯ್ಯಾ, ತಮಾಷೆ ಅಂತ ನಾನೆಲ್ಲಿ ಅಂದೆ, ಇವನಿಗೆ ಎಷ್ಟು ಸ್ವೆಟರ್ ಇರಬಹುದು.

ಹತ್ತೂ ಐವತ್ತಕ್ಕೆ ಕೋಣೆಗೆ ಬಂದರೆ ಸದ್ದೇ ಇಲ್ಲ, ಅಂದರೆ ಮುಗಿಯಿತು, ಒಗೆದೂ ಆಯಿತು, ಒಣಗಿಯೂ ಆಯಿತು — ಮುಗಿದಿಲ್ಲ, ನಿಂತಿದೆ, ಅರ್ಧ ಗಾಜಿನವರೆಗೆ ಬೂದು ನೀರು, ಮಷಿನ್‌ನ ವೈರು ನೆಲದಲ್ಲಿ, ಅದರ ಪ್ಲಗ್ಗಿನಲ್ಲಿ ಟ್ಯಾಬ್ಲೆಟ್ಟುಗಳ ಗಾಡಿ, ಸಾಲಾಗಿ ಹಸಿರು ದೀಪ. ಶಗ್ ಅಂಕಲ್ ಕಿತ್ರು ಮಿಸ್, ನೀವೇ ಹೇಳಿದ್ರಂತೆ, ಎಂದಳು ಟೇಗನ್. ಹೌದು, ನಾನೇ, ನನ್ನ ಬಾಯಿಗಿಷ್ಟು ಬೆಂಕಿ ಹಾಕ, ಮಾರ್ವೆನ್ ಮಷಿನ್ ಬಾಗಿಲು ಎಳೆದಳು, ಒಳಗೆ ನೀರಿದ್ದರೆ ಬಿಡುವುದಿಲ್ಲ ಈ ಬಾಗಿಲು, ಮತ್ತೆ ಎಳೆದಳು, ಪುಟ್ಟಾ, ಕೋಟು ಹಾಕ್ಕೊಂಡೇ ಬಾರೇ, ನನ್ನ ಬಂಗಾರ, ಟೇಗನ್ ಕೋಟನ್ನು ಬಿಗಿಯಾಗಿ ಎಳೆದುಕೊಂಡಳು, ಎಲ್ಲಾರೂ ನಗ್ತಾರೆ ಮಿಸ್, ನಾ ಬರಲ್ಲ, ಬೆನ್ನ ಹಿಂದೆ ಪ್ರಿಂಗಲ್ ಕೆಮ್ಮಿದ, ಟ್ಯಾಬ್ಲೆಟ್ಟುಗಳು ಚಾರ್ಜ್ ಆದ್ವಲ್ಲ, ಶುರು ಮಾಡೋಣ, ಈ ಮಗೂನ ಗೈರುಹಾಜರಿ ಅಂತ ಬರ್ಕೊಳ್ಳಲಾ ಮೇಡಂ? ಇಲ್ಲೇ ಇದ್ದಾಳಲ್ಲ, ಕಣ್ಣೆದುರಿಗೇ ಇದ್ದಾಳಲ್ಲ — ಮಾರ್ವೆನ್ ಬಾಗಿಲನ್ನು ಇನ್ನೊಮ್ಮೆ ಜಗ್ಗಿದಳು, ಕೈ ಬಾಗಿಲ ಹಿಡಿಯಲ್ಲೇ ಇತ್ತು, ದುಂಡು ಗಾಜಿಗೆ ಒಳಗಿನಿಂದ ಅಂಟಿಕೊಂಡು ಕೆಂಪು ತೋಳು, ತಿರುಗುತ್ತಿಲ್ಲ, ತೋಳು, ಕೆಂಪು ತೋಳು.