ಬಲಗಡೆಯ ಮಡ್ಗಾರ್ಡು

ಅಳತೆ ಟೇಪು ಹಿಡಿದು ಬರುವವರನ್ನು ನಾನು ಯಾವತ್ತೂ ನಂಬಿದವನಲ್ಲ. ನಜರ್‌ಬಾದಿನ ನಮ್ಮ ಬೀದಿಗೆ ಟೇಪು ಬಂದಾಗಲೆಲ್ಲ ಯಾರದೋ ಮನೆಯ ಜಗಲಿ ಹೋಗಿದೆ. 2004ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಲಹರಿ ಒಬ್ಬ ಹುಡುಗನನ್ನು ಕರೆದುಕೊಂಡು ನನ್ನ ಗ್ಯಾರೇಜಿಗೆ ಬಂದಳು. ಅವಳ ಕೈಯಲ್ಲಿ ಟೇಪು ಇತ್ತು, ಅವನ ಕೊರಳಲ್ಲಿ ಕ್ಯಾಮೆರಾ ಇತ್ತು, ಆಟೋದಲ್ಲಿ ಮನುಷ್ಯರು ನಿಂತು ತೂಕ ನೋಡುವ ನಾಲ್ಕು ಯಂತ್ರಗಳಿದ್ದವು. ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ನಿಂತೆ.

ಲಹರಿ ಲಕ್ಷ್ಮೀಪುರದ ವಕೀಲ ಶಾಮಣ್ಣನವರ ಮೊಮ್ಮಗಳು. ಶಾಮಣ್ಣನವರದು 1951ರ ಎಂ.ಜಿ. ಕಾರು, ಇಬ್ಬರೇ ಕೂರುವ, ಮೇಲೆ ಬಟ್ಟೆಯ ಚಾವಣಿಯ, ಕೆಂಪು ಬಣ್ಣದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಅವರ ಮನೆಯಲ್ಲಿ ಜಾಗವಿಲ್ಲವೆಂದು ಮೂವತ್ತೊಂದು ವರ್ಷದಿಂದ ಅದು ನನ್ನ ಶೆಡ್ಡಿನಲ್ಲೇ ಇತ್ತು. ಕಾಗದದಲ್ಲಿ ಹೆಸರು ಅವರದು. ಆದರೆ ಅದನ್ನು ತೊಳೆದವನು, ಬಿಚ್ಚಿದವನು, ಕೂಡಿಸಿದವನು, ಅದು ಕೆಮ್ಮಿದರೆ ನಿದ್ದೆಗೆಟ್ಟವನು ನಾನು. ಪ್ರತಿ ಭಾನುವಾರ ನಾನು ಅದನ್ನು ಅವರ ಮನೆಗೆ ಒಯ್ಯುತ್ತಿದ್ದೆ, ಇಬ್ಬರೂ ಒಂದು ಸುತ್ತು ಹೋಗಿಬರುತ್ತಿದ್ದೆವು. ಎರಡು ವರ್ಷದಿಂದ ಅವರಿಗೆ ಕಣ್ಣು ಮಂಜಾಗಿ, ನಾನೇ ಓಡಿಸುತ್ತಿದ್ದೆ.

“ದೇವರಾಜು ಮಾಮ, ಈ ಕಾರನ್ನ ಕಂಪ್ಯೂಟರಿಗೆ ಹಾಕ್ತೀವಿ” ಎಂದಳು ಲಹರಿ.

“ಹಾಕಿ ಏನ್ ಮಾಡ್ತೀಯವ್ವ?”

“ಓಡಿಸ್ತೀವಿ. ಆಟ ಅದು. ಕೂತಲ್ಲೇ ಸ್ಟೀರಿಂಗ್ ಹಿಡ್ಕೊಂಡು ಓಡಿಸ್ಬಹುದು. ನಿಜವಾದ ಕಾರು ಹೇಗೆ ತಿರುಗುತ್ತೋ, ಹೇಗೆ ನಿಲ್ಲುತ್ತೋ, ಅದೂ ಹಾಗೇ ಇರ್ಬೇಕು. ಬೇರೆ ದೇಶದವರೆಲ್ಲ ಒಂದೊಂದು ಕಾರು ಮಾಡಿ ಹಾಕಿದಾರೆ. ಇದನ್ನ ನಾನು, ವಾಗೀಶ ಸೇರಿ ಮಾಡ್ತೀವಿ.”

“ಯಾರ್ ಹೇಳಿದ್ದು ಮಾಡಿ ಅಂತ?”

“ತಾತ.”

ತಾತನ ಹೆಸರು ಬಂದ ಮೇಲೆ ಬೇಡವೆನ್ನುವ ಹಾಗಿರಲಿಲ್ಲ. ಆದರೆ ಮನಸ್ಸು ಒಪ್ಪಲಿಲ್ಲ. ಓಡುವ ಕಾರು ಕಣ್ಣೆದುರಿಗೇ ಇರುವಾಗ ಅದನ್ನು ಕಂಪ್ಯೂಟರಿನಲ್ಲಿ ಓಡಿಸುವುದಕ್ಕೆ ಯಾರಾದರೂ ಇಷ್ಟು ಒದ್ದಾಡುತ್ತಾರೆಯೇ? ಮಧ್ಯಾಹ್ನ ಊಟಕ್ಕೆ ಹೋದಾಗ ನನ್ನ ಹೆಂಡತಿ ಮುದ್ದಮ್ಮನಿಗೆ ಹೇಳಿದೆ. ಅವಳು ಮುದ್ದೆ ತಟ್ಟೆಗೆ ಹಾಕುತ್ತಲೇ ತೀರ್ಪು ಕೊಟ್ಟಳು.

“ಮಾರಕ್ಕೇ ಕಣ್ರೀ. ಫೋಟೋ ತೆಗೆಯೋದು ಹೆಣ್ಣು ನೋಡಕ್ ಬಂದೋರು, ಇಲ್ಲಾಂದ್ರೆ ಮಾಲು ಮಾರೋರು. ಸುಮ್ ಸುಮ್ನೆ ಯಾರ್ ತೆಗೀತಾರೆ? ಮುದುಕ್ರಿಗೆ ಕಣ್ ಕಾಣ್ಸಕಿಲ್ಲ, ಮೊಮ್ಮಗಳು ಆಟ ಕಟ್ತಾವ್ಳೆ.”

ಆ ಕಾರು ಹೋದರೆ ನನಗೆ ಉಳಿಯುವುದು ಸ್ಕೂಟರುಗಳ ಕಾರ್ಬೊರೇಟರು, ಮಾರುತಿಗಳ ಕ್ಲಚ್ ಪ್ಲೇಟು. ನನಗೆ ಅರವತ್ತೊಂದು. ಇನ್ನೊಂದು ಕಾರಿನ ಮೇಲೆ ಮನಸ್ಸಿಡುವ ವಯಸ್ಸಲ್ಲ.

ಮಾರನೇ ದಿನದಿಂದ ನಾನು ಶೆಡ್ಡು ಬಿಟ್ಟು ಕದಲಲಿಲ್ಲ. ಆ ವಾಗೀಶ ಕಾರಿನ ಈಚೆ ಮೈಮೇಲೆಲ್ಲ ಬಿಳಿ ಟೇಪಿನ ಚೂರು ಅಂಟಿಸಿದ. ನಿಂತಲ್ಲೇ ಜಾಕಿನಲ್ಲಿ ಎತ್ತಿ ನಾಲ್ಕು ಚಕ್ರದ ಕೆಳಗೆ ನಾಲ್ಕು ತೂಕದ ಯಂತ್ರ ಇಟ್ಟ. ಒಂದು ಭಾರಕ್ಕೆ ಅಲ್ಲೇ ಸತ್ತಿತು, ನನಗೆ ಒಳಗೊಳಗೇ ಖುಷಿಯಾಯಿತು. ಸೈಲೆನ್ಸರಿನ ಬಾಯಿಗೆ ಮೈಕು ಕಟ್ಟಿ, ನನ್ನ ಕೈಯಲ್ಲಿ ಎಂಜಿನ್ ಶುರು ಮಾಡಿಸಿ ಸದ್ದು ಹಿಡಿದುಕೊಂಡ. ಸ್ಟೀರಿಂಗಿನಲ್ಲಿ ಎಷ್ಟು ಸಡಿಲ ಇದೆ, ಬ್ರೇಕು ಎಲ್ಲಿ ಹಿಡಿಯುತ್ತದೆ ಎಂದೆಲ್ಲ ಕೇಳಿ ಬರೆದುಕೊಂಡ. ಕೊಳ್ಳುವವನು ಕೇಳುವ ಪ್ರಶ್ನೆಗಳೇ ಇವು ಎಂದು ನನಗೆ ಗಟ್ಟಿಯಾಯಿತು.

ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ಅವರು ಅಳೆದಿದ್ದೆಲ್ಲ ಎಡಗಡೆಯನ್ನೇ.

“ಯಾಕಪ್ಪ, ಬಲಗಡೆ ಏನ್ ಪಾಪ ಮಾಡೈತೆ?” ಎಂದೆ.

ವಾಗೀಶ ನಕ್ಕ. “ಅರ್ಧ ಮಾಡಿದ್ರೆ ಸಾಕು ಅಂಕಲ್. ಇನ್ನರ್ಧ ಕಂಪ್ಯೂಟರೇ ಕನ್ನಡಿ ಥರ ಮಾಡ್ಕೊಳುತ್ತೆ. ಎಲ್ಲರೂ ಹಾಗೇ ಮಾಡೋದು. ಆದ್ರೂ ಕಾರನ್ನ ಸ್ವಲ್ಪ ಈಚೆ ತೆಗೀತೀರಾ? ಆ ಕಡೆಯೂ ಒಂದೆರಡು ಫೋಟೋ ಇರ್ಲಿ.”

ಕಾರು ಬಲಗಡೆಯನ್ನು ಗೋಡೆಗೆ ಒತ್ತಿಕೊಂಡು ನಿಂತಿತ್ತು. ಯಾವಾಗಲೂ ಹಾಗೇ ನಿಲ್ಲಿಸುತ್ತಿದ್ದೆ. ಅದಕ್ಕೆ ಕಾರಣವಿತ್ತು.

1979ರಲ್ಲಿ ಕೆ.ಆರ್.ಎಸ್. ರಸ್ತೆಯಲ್ಲಿ ಶಾಮಣ್ಣನವರು ಎತ್ತಿನ ಗಾಡಿ ತಪ್ಪಿಸಲು ಹೋಗಿ ಮರಕ್ಕೆ ಉಜ್ಜಿದ್ದರು. ಮುಂದಿನ ಬಲ ಮಡ್ಗಾರ್ಡು ಹರಿದುಹೋಯಿತು. ಆಗ ಇಡೀ ದೇಶ ಹುಡುಕಿದರೂ ಅದು ಸಿಗುತ್ತಿರಲಿಲ್ಲ. ಮೇಟಗಳ್ಳಿಯಿಂದ ತಗಡು ತಂದು, ಮರಳಿನ ಚೀಲದ ಮೇಲಿಟ್ಟು, ಮರದ ಸುತ್ತಿಗೆಯಲ್ಲಿ ಇಪ್ಪತ್ತಮೂರು ದಿನ ಬಡಿದು ನಾನು ಹೊಸ ಮಡ್ಗಾರ್ಡು ಮಾಡಿದೆ. ಅಳತೆಪಟ್ಟಿ ಮುಟ್ಟಲಿಲ್ಲ, ಎಡಗಡೆಯದನ್ನು ಅಂಗೈಯಲ್ಲಿ ಸವರುವುದು, ಬಂದು ಬಡಿಯುವುದು, ಅಷ್ಟೇ. ಮೂತಿಯ ಹತ್ತಿರ ಒಂದು ಬೆರಳು ತಗ್ಗಾಯಿತು. ಶಾಮಣ್ಣನವರು ಅದರ ಮೇಲೆ ಕೈಯಿಟ್ಟು, “ಇಂಗ್ಲೆಂಡಿನವರದಕ್ಕಿಂತ ಇದೇ ಚೆನ್ನಾಗಿದೆ ಕಣಯ್ಯ” ಎಂದಿದ್ದರು. ನನ್ನ ಜೀವಮಾನದಲ್ಲಿ ನಾನು ರಿಪೇರಿ ಮಾಡಿದ್ದು ಬೇಕಾದಷ್ಟು; ಮಾಡಿದ್ದು ಅಂತ ಇರುವುದು ಅದೊಂದೇ.

ಆಮೇಲೆ ಒಂದು ವರ್ಷ ಹಳೆ ಕಾರುಗಳ ರ‍್ಯಾಲಿಗೆ ಒಯ್ದಾಗ, ಸೂಟು ಹಾಕಿದ್ದ ಜಡ್ಜು ಬಗ್ಗಿ ನೋಡಿ, ಬೆರಳಲ್ಲಿ ತಟ್ಟಿ, ಪಕ್ಕದವನಿಗೆ “ಲೋಕಲ್” ಎಂದ. ಅಷ್ಟೇ ಅಂದಿದ್ದು. ಅವತ್ತಿನಿಂದ ಆ ಕಡೆ ಗೋಡೆಗೆ.

ಅದನ್ನು ತೋರಿಸಿದ್ದರೆ ಕೊಳ್ಳುವವನು ಹಿಂದೆ ಸರಿಯುತ್ತಿದ್ದನೇನೋ. ಯೋಚನೆ ಬಂದಿತ್ತು. ಆದರೆ ಆ ಪದವನ್ನು ಇನ್ನೊಂದು ಬಾಯಲ್ಲಿ ಕೇಳುವ ಶಕ್ತಿ ನನಗಿರಲಿಲ್ಲ.

“ಬ್ರೇಕ್ ಕಚ್ಕೊಂಡದೆ, ಜರುಗಾಕಿಲ್ಲ” ಎಂದೆ.

“ಭಾನುವಾರ ಓಡಿಸ್ತೀರಲ್ಲ ಮಾಮ?” ಎಂದಳು ಲಹರಿ.

“ಭಾನುವಾರದ ಒತ್ಗೆ ಸರಿ ಮಾಡ್ತೀನಿ.”

“ಎರಡೂ ಕಡೆ ಒಂದೇ ತಾನೆ?”

“ಊಂ. ಅಂಗೇ ಅದೆ.”

ಅವಳು ನಂಬಿದಳು. ಆದರೆ ಹೊರಗೆ ಹೋಗಿ ಫೋನಿನಲ್ಲಿ ಯಾರಿಗೋ “ಕೊಯಮತ್ತೂರು” ಎನ್ನುತ್ತಿದ್ದವಳು ನನ್ನನ್ನು ಕಂಡ ಕೂಡಲೇ ದನಿ ತಗ್ಗಿಸಿದಳು. ನನ್ನ ಕಿವಿ ನೆಟ್ಟಗಾಯಿತು. ಅವತ್ತೇ ಲಕ್ಷ್ಮೀಪುರಕ್ಕೆ ಹೋದೆ.

“ಸ್ವಾಮಿ, ಹುಡುಗಿ ಮೇಲೆ ಒಂದ್ ಕಣ್ಣಿಟ್ಟಿರಿ. ಅಳೀತಾವ್ಳೆ, ತೂಗ್ತಾವ್ಳೆ. ನಂಗ್ಯಾಕೋ ಸರಿ ಕಾಣ್ತಿಲ್ಲ.”

ಶಾಮಣ್ಣನವರು ಕಿಟಕಿಯ ಕಡೆ ಮುಖ ಮಾಡಿಕೊಂಡು, “ಮಕ್ಕಳು, ಮಾಡ್ಕೊಳ್ಲಿ ಬಿಡು” ಎಂದರು. ನನ್ನ ಕಡೆ ನೋಡಲಿಲ್ಲ. ಕಣ್ಣು ಸರಿಯಿಲ್ಲದವರು, ಎತ್ತ ನೋಡಿದರೇನು ಎಂದುಕೊಂಡು ಬಂದುಬಿಟ್ಟೆ.

ಜೂನ್ ತಿಂಗಳ ಒಂದು ಭಾನುವಾರ ಕಾರು ಒರೆಸಿ ಒಯ್ದರೆ, ಅವರ ಮನೆ ಮುಂದೆ ಮುಚ್ಚಿದ ಲಾರಿ ನಿಂತಿತ್ತು. ನಂಬರು ತಮಿಳುನಾಡಿನದು. ಹಲಗೆ ಇಳಿಬಿಟ್ಟಿದ್ದರು. ಗೇಟಿನಲ್ಲಿ ಲಹರಿ ನಿಂತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

“ನಂಗ್ ಗೊತ್ತಿತ್ತು ಕಣವ್ವ! ಆಟವಂತೆ ಆಟ! ಕಣ್ ಕಾಣದ ತಾತನ್ನ ಯಾಮಾರ್ಸಿ ಮಾರ್ಬುಟ್ಟೆಯಲ್ಲ, ನಿಂಗೇನ್ ಕಮ್ಮಿಯಾಗಿತ್ತು?”

ಅವಳು ಅಳಲಿಕ್ಕೆ ಶುರು ಮಾಡಿದಳು. ಜಗಲಿಯಿಂದ ಶಾಮಣ್ಣನವರ ದನಿ ಬಂತು.

“ಅವಳನ್ನ ಬೈಬೇಡ ದೇವರಾಜು. ಮಾರಿದ್ದು ನಾನು.”

ನಾನು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದೆ.

“ನನಗೆ ಎಂಬತ್ತು ಹತ್ತಿರ ಬಂತು. ನಾನು ಹೋದ್ಮೇಲೆ ಮಕ್ಕಳು ಇದನ್ನ ಹಂಚ್ಕೊಳೋಕೆ ಕಚ್ಚಾಡ್ತಾರೆ. ಕೊಯಮತ್ತೂರಿನವರು ಹಳೆ ಕಾರುಗಳನ್ನ ಜೋಪಾನ ಮಾಡ್ತಾರೆ, ಓಡಿಸ್ತಾರೆ. ಜನವರಿಯಲ್ಲೇ ಮಾತು ಕೊಟ್ಟೆ. ನಿನಗೆ ಹೇಳೋಕೆ ಧೈರ್ಯ ಬರಲಿಲ್ಲ ಕಣಯ್ಯ. ಅದಕ್ಕೇ ಆ ಆಟ ಮಾಡ್ಸಿದ್ದು. ನಿನಗೋಸ್ಕರ. ಕಾರು ಹೋದ್ರೂ ನಿನ್ನ ಕೈಗೆ ಸಿಗ್ಲಿ ಅಂತ.”

ನಾನು ಜಗತ್ತಿನಲ್ಲಿ ಎಲ್ಲರ ಮೇಲೂ ಅನುಮಾನ ಪಟ್ಟಿದ್ದೆ, ಅವರೊಬ್ಬರನ್ನು ಬಿಟ್ಟು. ಬೀಗದ ಕೈ ಸೀಟಿನ ಮೇಲಿಟ್ಟು ಇಳಿದು, ನಡೆದುಕೊಂಡೇ ನಜರ್‌ಬಾದಿಗೆ ಬಂದೆ. ಐದು ವಾರ ಆ ಕಡೆ ತಲೆ ಹಾಕಲಿಲ್ಲ. ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ನಾಚಿಕೆಯಿತ್ತು.

ಆರನೇ ವಾರ ಲಹರಿ, ವಾಗೀಶ ಇಬ್ಬರೂ ಕಂಪ್ಯೂಟರು ಹೊತ್ತುಕೊಂಡು ಗ್ಯಾರೇಜಿಗೇ ಬಂದರು. ನನ್ನ ಸಾಮಾನಿನ ಮೇಜು ಖಾಲಿ ಮಾಡಿ, ಅದರ ಅಂಚಿಗೆ ಸ್ಟೀರಿಂಗ್ ಬಿಗಿದು, ಕೆಳಗೆ ಪೆಡಲು ಇಟ್ಟರು. ಅವಳಿಗೆ ಕ್ಷಮೆ ಕೇಳಬೇಕು ಅಂದುಕೊಂಡೆ. “ಕಾಫಿ ಕುಡೀತಿಯೇನವ್ವ?” ಎಂಬುದಷ್ಟೇ ಬಾಯಿಗೆ ಬಂತು. ಅವಳು “ಆಮೇಲೆ ಮಾಮ, ಮೊದ್ಲು ಓಡಿಸಿ” ಎಂದಳು.

ಕಾಲು ಒತ್ತಿದೆ. ಅದೇ ಸದ್ದು! ಎಕ್ಸಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಬರುತ್ತಿದ್ದ ಪಟಪಟವೂ ಅದೇ. ಯಾವುದೋ ದೇಶದ ರಸ್ತೆ, ಆದರೆ ಕಾರು ತಿರುವಿನಲ್ಲಿ ಹಿಂಭಾಗ ಜಾರಿಸಿದ ರೀತಿ ನನಗೆ ಗೊತ್ತಿದ್ದದ್ದೇ. ನನ್ನ ಕಣ್ಣು ತುಂಬಿತು, ರಸ್ತೆ ಬಿಟ್ಟು ಹುಲ್ಲಿಗೆ ನುಗ್ಗಿಸಿದೆ. ಮುದ್ದಮ್ಮ ಬಾಗಿಲಲ್ಲಿ ನಿಂತು, “ಅಯ್ಯೋ ಮೆಲ್ಲಗ್ ಓಗ್ರೀ!” ಎಂದು ಕಿರುಚಿದಳು.

ವಾಗೀಶ ಕಾರು ನಿಲ್ಲಿಸಿ, ಪರದೆಯ ಮೇಲೆ ಅದನ್ನು ಮೆಲ್ಲಗೆ ತಿರುಗಿಸಿ ತೋರಿಸಿದ. ಎಡಗಡೆ ಸರಿ. ಮೂತಿ ತಿರುಗಿತು. ಬಲಗಡೆ ಬಂತು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಬೆರಳಿನಷ್ಟು ತಗ್ಗು ಅಲ್ಲಿರಲಿಲ್ಲ. ನಾನು ಬಡಿದ ಇಪ್ಪತ್ತಮೂರು ದಿನ ಇರಲಿಲ್ಲ.

“ಇದು ನಮ್ಮ ಕಾರಲ್ಲ” ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ: ಮರ, ತಗಡು, ಜಡ್ಜು, ಗೋಡೆ, ಕಚ್ಚಿಕೊಳ್ಳದ ಬ್ರೇಕು. “ಸುಳ್ಳೇಳ್ಬುಟ್ಟೆ ಕಣವ್ವ. ನಿನ್ನ ಮ್ಯಾಲೆ ಅನುಮಾನಾನೂ ಇತ್ತು ನಂಗೆ.”

ಲಹರಿ ಅಲ್ಲೇ ನಿಂತು ಕೊಯಮತ್ತೂರಿಗೆ ಫೋನು ಮಾಡಿದಳು. ಒಂದು ದಿನ ಬಂದು ಕಾರಿನ ಬಲಗಡೆಯನ್ನು ಅಳೆದುಕೊಂಡು ಹೋಗುತ್ತೇವೆ ಎಂದಳು. ಆಮೇಲೆ ಬರೀ “ಹೌದಾ... ಹೌದಾ...” ಎಂದಳು. ಫೋನು ಇಟ್ಟು ನನ್ನ ಕಡೆ ತಿರುಗಿದಳು.

“ಇಂಗ್ಲೆಂಡಿನಿಂದ ಹೊಸದು ತರಿಸಿ ಹಾಕಿಸಿದಾರಂತೆ ಮಾಮ. ಹಳೇದು... ಗುಜರಿಗೆ ಹೋಯ್ತಂತೆ.”

“ಹಾಗಾದ್ರೆ ನಾವು ಮಾಡಿರೋದು ಸರಿಯಾಗೇ ಇದೆ ಅಂಕಲ್” ಎಂದ ವಾಗೀಶ, ನನಗೆ ಸಮಾಧಾನವಾಗಲಿ ಎಂದು. “ಈಗ ಅಸಲಿ ಕಾರು, ನಮ್ಮ ಕಾರು, ಎರಡೂ ಒಂದೇ.”

ಪಾಪ, ಅವನದೇನೂ ತಪ್ಪಿಲ್ಲ. ಹಾಗೇ ಇದೆ ಎಂದವನು ನಾನು. ಶಾಮಣ್ಣನವರು ನನಗೆಂದು ಉಳಿಸಲು ಹೊರಟಿದ್ದನ್ನು ನಾನೇ ನನ್ನ ಬಾಯಿಂದ ಅಳಿಸಿದ್ದೆ. ಸ್ಟೂಲಿನ ಮೇಲೆ ಕೂತುಬಿಟ್ಟೆ.

ಲಹರಿ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು. “ಬಡಿಯೋವಾಗ ಅಂಗೈಯಲ್ಲೇ ನೋಡ್ತಿದ್ದೆ ಅಂದ್ರಲ್ಲ ಮಾಮ. ಕೈಗೆ ನೆನಪಿರುತ್ತೆ. ತೋರ್ಸಿ, ಹೇಗಿತ್ತು?”

ನಾನು ಬಲಗೈ ಎತ್ತಿದೆ. ಕಣ್ಣು ಮುಚ್ಚಿಕೊಂಡು, ಗಾಳಿಯಲ್ಲಿ ಆ ಉಬ್ಬಿನ ಮೇಲೆ ಅಂಗೈ ಸವರಿ, ಮೂತಿಯ ಹತ್ತಿರ ತಗ್ಗಿಸಿ ಹಿಡಿದೆ. ಟೇಪು ಎಳೆಯುವ ಸದ್ದು ಕೇಳಿಸಿತು. ಅವಳು ನನ್ನ ಮಣಿಕಟ್ಟಿನಿಂದ ಬೆರಳ ತುದಿಯವರೆಗಿನ ಇಳಿಜಾರನ್ನು ಅಳೆದು ವಾಗೀಶನಿಗೆ ಬರೆದುಕೊಳ್ಳಲು ಹೇಳುತ್ತಿದ್ದಳು.

“ಕೈ ಅಲ್ಲಾಡಿಸ್ಬೇಡಿ ಮಾಮ” ಎಂದಳು.

ನಾನು ಎಡಗೈಯಿಂದ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.